ಯಂತ್ರ ಕೈಕೊಟ್ಟರೆ ಹೊಣೆ ಯಾರದು?

ಉಪ್ಪುನೀರಿನ ಅಕ್ವೇರಿಯಂ ಇರುವ ಮನೆಗಳಲ್ಲಿ ಮೀನುಗಳು ಒಟ್ಟೊಟ್ಟಿಗೆ ಸತ್ತಾಗ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ: ಹೀಟರ್ ಕೈಕೊಟ್ಟಿತು, ಪಂಪ್ ನಿಂತುಹೋಯಿತು, ರಾತ್ರಿಯೆಲ್ಲ ಕರೆಂಟ್ ಇರಲಿಲ್ಲ. ಮಾತೇನೂ ಸುಳ್ಳಲ್ಲ. ಆದರೆ ಅದು ಸಾವಿನ ಕಾರಣ ಹೇಳುತ್ತದೆಯೇ ಹೊರತು ಹೊಣೆ ಯಾರದೆಂದು ಹೇಳುವುದಿಲ್ಲ. ಕಾರಣ ತಿಳಿದ ಕೂಡಲೇ ಹೊಣೆಯ ಪ್ರಶ್ನೆಯೂ ಬಗೆಹರಿಯಿತೆಂದು ನಾವು ಸುಮ್ಮನಾಗುತ್ತೇವೆ. ಜೀವವೊಂದರ ಉಸಿರನ್ನು ಯಂತ್ರಕ್ಕೆ ಒಪ್ಪಿಸಿದವರು ಆ ಯಂತ್ರ ನಿಲ್ಲುವ ಗಳಿಗೆಯ ಹೊಣೆಯನ್ನೂ ಆಗಲೇ ಹೊತ್ತಿರುತ್ತಾರೆ ಎಂಬುದು ನನ್ನ ವಾದ. ಲೋಪವನ್ನು ಹುಡುಕಬೇಕಾದದ್ದು ಯಂತ್ರ ಕೆಟ್ಟ ರಾತ್ರಿಯಲ್ಲಿ ಅಲ್ಲ. ಅದು ಕೆಟ್ಟರೆ ಮುಂದೇನು ಎಂದು ಕೇಳಿಕೊಳ್ಳದೆ ತೊಟ್ಟಿಗೆ ಮೀನು ಬಿಟ್ಟ ದಿನದಲ್ಲಿ.

ಹೀಟರ್ ಹೇಗೆ ಕೆಡುತ್ತದೆಂದು ನೋಡಿದರೆ ಇದು ಸ್ಪಷ್ಟವಾಗುತ್ತದೆ. ನೀರು ಬೆಚ್ಚಗಾದೊಡನೆ ಒಳಗಿನ ಥರ್ಮೋಸ್ಟಾಟ್ ವಿದ್ಯುತ್ ಕಡಿಯುತ್ತದೆ, ತಣ್ಣಗಾದಾಗ ಮತ್ತೆ ಕೂಡಿಸುತ್ತದೆ. ಹೀಗೆ ಕೂಡುವಾಗ, ಬಿಡುವಾಗ ಲೋಹದ ಸಂಪರ್ಕಗಳ ನಡುವೆ ಸಣ್ಣ ಕಿಡಿ ಹಾರುತ್ತದೆ. ತಿಂಗಳು, ವರ್ಷ ಕಳೆದಂತೆ ಸಂಪರ್ಕಗಳು ಸವೆದು ಕೆಲವೊಮ್ಮೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಮೇಲೆ ಹೀಟರ್ ಆರುವುದೇ ಇಲ್ಲ. 200 ಲೀಟರ್ ನೀರಿನಲ್ಲಿ 200 ವಾಟ್ ಹೀಟರ್ ಹೀಗೆ ಉರಿಯುತ್ತ ಹೋದರೆ, ಹೊರಗೆ ಹೋಗುವ ಶಾಖವನ್ನು ಬದಿಗಿಟ್ಟು ಲೆಕ್ಕ ಹಾಕಿದಾಗ, ಗಂಟೆಗೆ ಒಂದು ಡಿಗ್ರಿಯಷ್ಟು ಏರಿಕೆ. ಮನೆಯವರು ಮಲಗಿ ಏಳುವಷ್ಟರಲ್ಲಿ 26 ಡಿಗ್ರಿ ಇದ್ದ ನೀರು 30 ದಾಟಬಹುದು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ತಗ್ಗುತ್ತದೆ, ಮೀನಿಗೆ ಬೇಕಾದ ಆಮ್ಲಜನಕ ಹೆಚ್ಚುತ್ತದೆ. ಸಮುದ್ರದ ನೀರಿನಲ್ಲಂತೂ ಅದು ಮೊದಲೇ ಕಡಿಮೆ: 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ 8 ಮಿಲಿಗ್ರಾಂಗಿಂತ ತುಸು ಹೆಚ್ಚು ಹಿಡಿದಿಟ್ಟುಕೊಂಡರೆ ಸಮುದ್ರದ ನೀರು 7ನ್ನೂ ಮುಟ್ಟುವುದಿಲ್ಲ. ಮೀನು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತದೆ, ಕಿವಿರಿನ ಮುಚ್ಚಳ ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ಒಂದು ಸತ್ತು ಕೊಳೆಯತೊಡಗಿದರೆ ನೀರಿಗೆ ಅಮೋನಿಯಾ ಸೇರುತ್ತದೆ. ಅದನ್ನು ತೆಗೆಯಬೇಕಾದ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕವೇ ಬೇಕು. ಒಂದು ಸಾವು ಹಲವಾಗುವುದು ಹೀಗೆ. 200 ವಾಟಿನ ಒಂದೇ ಹೀಟರ್ ಬದಲು 100 ವಾಟಿನ ಎರಡನ್ನು ಹಾಕಿದ್ದರೆ, ಒಂದು ಅಂಟಿಕೊಂಡರೂ ಏರಿಕೆ ಅರ್ಧಕ್ಕಿಳಿಯುತ್ತಿತ್ತು. ಮಿತಿ ಮೀರಿದಾಗ ವಿದ್ಯುತ್ ಕಡಿಯುವ ಪ್ರತ್ಯೇಕ ಕಂಟ್ರೋಲರ್ ಇದ್ದರೆ ಅಷ್ಟೂ ಆಗುತ್ತಿರಲಿಲ್ಲ. ಹೇಗೆ ಕೆಡುತ್ತದೆಂದು ಗೊತ್ತಿದೆ, ತಡೆಯುವ ದಾರಿಯೂ ಗೊತ್ತಿದೆ. ಅಂಥದ್ದನ್ನು ಆಕಸ್ಮಿಕ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಈ ಹವ್ಯಾಸದ ಮೊದಲ ದಿನಗಳಲ್ಲಿ ಯಂತ್ರಗಳೇ ಇರಲಿಲ್ಲ. 1846ರಲ್ಲಿ ಆನ್ನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ಟಾರ್ಕೀ ಕರಾವಳಿಯಿಂದ ಜೀವಂತ ಹವಳಗಳನ್ನು ಲಂಡನ್ನಿಗೆ ತಂದು ಸಾಕಿದಳು. ಮನೆಗೆಲಸದವಳು ತೆರೆದ ಕಿಟಕಿಯ ಮುಂದೆ ನಿಂತು ಸಮುದ್ರದ ನೀರನ್ನು ದಿನವೂ ಬಹಳ ಹೊತ್ತು ಪಾತ್ರೆಯಿಂದ ಪಾತ್ರೆಗೆ ಸುರಿಯುತ್ತಿದ್ದಳು. ಗಾಳಿ ಬೆರೆತದ್ದು ಆ ತೋಳುಗಳಿಂದ. ಇಂದಿನ ಪಂಪ್ ಮಾಡುವುದು ಅದೇ ಕೆಲಸ. ಕೆಲಸದವಳು ಜ್ವರದಿಂದ ಮಲಗಿ ಹವಳಗಳು ಸತ್ತಿದ್ದರೆ ಅವಳ ಜ್ವರವೇ ಹೊಣೆ ಎಂದು ಯಾರೂ ಒಪ್ಪುತ್ತಿರಲಿಲ್ಲ. ಬದಲಿ ಏರ್ಪಾಡು ಏನಿತ್ತೆಂದು ಯಜಮಾನತಿಯನ್ನೇ ಕೇಳುತ್ತಿದ್ದರು. ಆ ತೋಳುಗಳ ಜಾಗಕ್ಕೆ ಮೋಟಾರು ಬಂದ ಮಾತ್ರಕ್ಕೆ ಆ ಪ್ರಶ್ನೆಯನ್ನು ಕೈಬಿಡಲು ಕಾರಣ ಕಾಣುವುದಿಲ್ಲ. ದುಡಿಮೆಯನ್ನು ಇನ್ನೊಬ್ಬರಿಗೋ ಇನ್ನೊಂದಕ್ಕೋ ವಹಿಸಬಹುದು, ಉತ್ತರ ಹೇಳುವ ಬಾಧ್ಯತೆಯನ್ನು ವಹಿಸಲಾಗದು.

ಒಂದೇ ಬಗೆಯ ಹಳೆಯ ಹೀಟರ್ ಇಟ್ಟುಕೊಂಡ ಎರಡು ಮನೆಗಳಿವೆ ಎನ್ನಿ. ಒಂದರಲ್ಲಿ ಅದು ಅಂಟಿಕೊಂಡಿತು, ಇನ್ನೊಂದರಲ್ಲಿ ಇಲ್ಲ. ಮೊದಲಿನವರನ್ನು ಮಾತ್ರ ದೂರುವುದು ನ್ಯಾಯವೇ? ಬ್ರೇಕ್ ಪರೀಕ್ಷಿಸದ ಲಾರಿ ಚಾಲಕನ ಉದಾಹರಣೆ ಕೊಟ್ಟು ತತ್ತ್ವಜ್ಞಾನಿ ಥಾಮಸ್ ನೇಗಲ್ ಎತ್ತಿದ್ದು ಇದೇ ತೊಡಕನ್ನು: ಅಲಕ್ಷ್ಯ ಒಂದೇ ಆದರೂ ದಾರಿಗೆ ಮಗು ಅಡ್ಡ ಬಂದವನೇ ಅಪರಾಧಿಯಾಗುತ್ತಾನೆ. ಇದರಿಂದ ಕೆಲವರು ಸತ್ತ ಮೀನಿನ ಒಡೆಯನೂ ಬರೀ ದುರದೃಷ್ಟವಂತ ಎಂಬ ತೀರ್ಮಾನಕ್ಕೆ ಬರಬಹುದು. ನನಗೆ ಕಾಣುವುದು ಇದಕ್ಕೆ ಉಲ್ಟಾ. ಅದೃಷ್ಟವನ್ನು ಲೆಕ್ಕದಿಂದ ತೆಗೆದರೆ ಇಬ್ಬರ ಅಲಕ್ಷ್ಯವೂ ಸಮನಾಗಿ ಉಳಿಯುತ್ತದೆ. ಹಾಗಾಗಿ ಈ ವಾದ ನಷ್ಟವಾದ ಮನೆಯತ್ತ ಬೆರಳು ತೋರಿಸುವುದಕ್ಕಿಂತ, ಮೀನುಗಳು ಇನ್ನೂ ಈಜುತ್ತಿರುವ ಮನೆಯ ಬಾಗಿಲನ್ನೇ ಹೆಚ್ಚು ತಟ್ಟುತ್ತದೆ.

ಸಮುದ್ರದಲ್ಲಿ ಮೀನು ಸಾಯುವುದಿಲ್ಲವೇ ಎಂಬುದು ಒಂದು ಆಕ್ಷೇಪ. ಸಾಯುತ್ತವೆ, ಲೆಕ್ಕವಿಲ್ಲದಷ್ಟು. ಆದರೆ ಅಲ್ಲಿ ನೀರು ಕಾದರೆ ಆಳಕ್ಕೆ ಇಳಿಯುವ, ಉಸಿರು ಕಟ್ಟಿದರೆ ಬೇರೆಡೆಗೆ ಸಾಗುವ ಅವಕಾಶವಿದೆ. ಗಾಜಿನೊಳಗೆ ಆ ದಾರಿಗಳನ್ನೆಲ್ಲ ಮುಚ್ಚಿದವರು ನಾವು. ಮೀನಿಗೆ ನೋವೇ ಇಲ್ಲವೆನ್ನುವವರೂ ಇದ್ದಾರೆ. 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನುಗಳ ತುಟಿಗೆ ಆಮ್ಲ ಚುಚ್ಚಿದಾಗ ಅವು ಮೇವು ಬಿಟ್ಟು ತುಟಿಯನ್ನು ಕಲ್ಲಿಗೆ ಉಜ್ಜಿದವು. 2019ರಲ್ಲಿ ಜಪಾನಿನ ಸಂಶೋಧಕರು ಕ್ಲೀನರ್ ರ‍್ಯಾಸ್ ಮೀನಿನ ಗಂಟಲಿನ ಮೇಲೆ ಗುರುತು ಹಾಕಿ ಕನ್ನಡಿ ಇಟ್ಟಾಗ, ಅದು ಕನ್ನಡಿಯಲ್ಲಿ ತನ್ನನ್ನೇ ಗುರುತಿಸಿದಂತೆ ಆ ಜಾಗವನ್ನೇ ನೆಲಕ್ಕೆ ಕೆರೆದುಕೊಂಡಿತು. ಅಕ್ವೇರಿಯಂ ಅಂಗಡಿಗಳಲ್ಲಿ ಮಾರುವುದು ಇದೇ ಜಾತಿಯ ಮೀನನ್ನು. ಇದರಿಂದ ಚರ್ಚೆ ಮುಗಿದಿಲ್ಲ, ನಿಜ. ಆದರೆ ನೋವಿದೆ ಎಂದುಕೊಂಡು ನಾವು ತಪ್ಪಿದರೆ ಹೋಗುವುದು ಸ್ವಲ್ಪ ಹಣ. ಇಲ್ಲ ಎಂದುಕೊಂಡು ತಪ್ಪಿದರೆ ಗಂಟೆಗಟ್ಟಲೆ ಉಸಿರುಗಟ್ಟುವುದು ಇನ್ನೊಂದು ಜೀವ.

ಈ ಹೊಣೆಗೆ ಎಲ್ಲೆ ಇದೆಯೆಂದು ನಾನೂ ಒಪ್ಪುತ್ತೇನೆ. 2021ರ ಫೆಬ್ರುವರಿಯಲ್ಲಿ ಟೆಕ್ಸಸ್ ಹಿಮಗಟ್ಟಿ ಲಕ್ಷಾಂತರ ಮನೆಗಳು ಕರೆಂಟ್ ಇಲ್ಲದೆ ನಡುಗಿದಾಗ 200ಕ್ಕೂ ಹೆಚ್ಚು ಜನ ಸತ್ತರು. ಅಂಥ ಹೊತ್ತಿನಲ್ಲಿ ಮಕ್ಕಳನ್ನು ಹೊದಿಸುತ್ತ ತೊಟ್ಟಿಯನ್ನು ಮರೆತವರನ್ನು ದೂರಲಾಗದು. ಬೆಂಗಳೂರಿನಲ್ಲಿ ಮಧ್ಯಾಹ್ನ ಮೂರು ಗಂಟೆ ಕಾಲ ಕರೆಂಟ್ ಹೋಗುವುದು ಅಂಥ ವಿಪತ್ತಲ್ಲ. ಫ್ಯಾನು, ಟಿವಿ, ವೈಫೈ ಇನ್ವರ್ಟರ್ ಲೈನಿನಲ್ಲಿದ್ದು ಅಕ್ವೇರಿಯಂ ಪಂಪ್ ಮಾತ್ರ ಅದರ ಹೊರಗಿದ್ದರೆ ಆ ವೈರಿಂಗ್ ಯಾರೋ ಆಯ್ದುಕೊಂಡದ್ದು. ಬ್ಯಾಟರಿಯ ಸಣ್ಣ ಏರ್ ಪಂಪ್ ಸಾಮಾನ್ಯವಾಗಿ ಒಳ್ಳೆಯ ಸಮುದ್ರಮೀನೊಂದರ ಬೆಲೆಯನ್ನೂ ಮೀರುವುದಿಲ್ಲ.

ಹೀಗಾದರೆ ಹವ್ಯಾಸ ಕಡಿಮೆ ಹಣವಿದ್ದವರ ಕೈಗೆಟುಕದು ಎಂಬ ಕೊನೆಯ ಆಕ್ಷೇಪದಲ್ಲಿ ಹುರುಳಿದೆ. ಆದರೆ ಕೊಳ್ಳುವ ಮೀನು ಎಲ್ಲಿಂದ ಬಂತೆಂದೂ ನೋಡಬೇಕು. ಸಿಹಿನೀರಿನ ಅಲಂಕಾರಿಕ ಮೀನುಗಳಲ್ಲಿ ಹೆಚ್ಚಿನವು ಸಾಕಣೆಯವು. ಸಮುದ್ರದವುಗಳಲ್ಲಿ ಹೆಚ್ಚಿನವನ್ನು ಇಂದಿಗೂ ಇಂಡೋನೇಷ್ಯಾ, ಫಿಲಿಪ್ಪೀನ್ಸ್‌ನಂಥ ದೇಶಗಳ ಹವಳದ ದಿಬ್ಬಗಳಿಂದಲೇ ಹಿಡಿದು ತರುತ್ತಾರೆ. ಬ್ಲೂ ಟ್ಯಾಂಗ್ ಮೀನನ್ನು ಸಾಕಣೆಯಲ್ಲಿ ಮೊದಲ ಬಾರಿ ಮರಿಯಿಂದ ಬೆಳೆಸಲಾದದ್ದು 2016ರಲ್ಲಷ್ಟೇ. ಬದಲಿ ಏರ್ಪಾಡು ಮಾಡಲಾಗದವರು ದಿಬ್ಬದಿಂದ ಹಿಡಿದ ಮೀನನ್ನು ಕೊಳ್ಳಬಾರದು, ಅಂಥವರಿಗೆ ಅಂಗಡಿಯವರೂ ಮಾರಬಾರದು. ಎರಡನೇ ಹೀಟರ್, ಬ್ಯಾಟರಿ ಪಂಪ್ ಬೇಕಾದವರು ಕೊಳ್ಳುವ ಹೆಚ್ಚುವರಿ ಸಾಮಾನಾಗಿ ಶೋಕೇಸಿನಲ್ಲಿ ಕೂರದೆ, ಮೊದಲ ಮೀನು ಮನೆಗೆ ಹೋಗುವ ದಿನವೇ ಅದೇ ಬಿಲ್ಲಿನಲ್ಲಿ ಸೇರಬೇಕು.