ರೋಗದ ಹೆಸರೂ ಮನುಷ್ಯನ ಮಾನವೂ

ಪದಾರ್ಥವನ್ನು ಇದ್ದಂತೆ ತೋರಿಸುವದು ಪದದ ಧರ್ಮವು. ಆದರೆ ಕೆಲವು ಪದಗಳು ತೋರಿಸುವ ಬದಲು ಮರೆಮಾಡುತ್ತವೆ. ಇನ್ನು ಕೆಲವು ತೋರಿಸಬೇಕಾದುದನ್ನು ಬಿಟ್ಟು ಮತ್ತೊಂದನ್ನು ತೋರಿಸಿ ನಿರಪರಾಧಿಯನ್ನು ನೋಯಿಸುತ್ತವೆ. ಈ ಎರಡು ದೋಷಗಳೂ ಚರ್ಮರೋಗಗಳ ಹೆಸರುಗಳಲ್ಲಿ ಎದ್ದು ಕಾಣುವವು. ಹೊಟ್ಟೆಯೊಳಗಿನ ಬೇನೆಯನ್ನು ರೋಗಿಯೊಬ್ಬನೇ ಬಲ್ಲನು. ಚರ್ಮದ ಮೇಲಿನದನ್ನು ಊರೆಲ್ಲ ನೋಡುವದು, ನೋಡಿದವರೆಲ್ಲರೂ ಅದಕ್ಕೊಂದು ಹೆಸರಿಡುವರು.

ಹುಕ್ಕೇರಿಯ ಒಂದು ಮನೆಯಲ್ಲಿ ಲಗ್ನದ ವಯಸ್ಸಿಗೆ ಬಂದ ಕನ್ಯೆಯ ಕೈಮೇಲೆ ಹಾಲಿನಂತಹ ಬಿಳಿಯ ಕಲೆಯೊಂದು ಮೂಡಿತೆಂದು ಭಾವಿಸಬಹುದು. ವೈದ್ಯರು ಚೀಟಿಯಲ್ಲಿ 'ವಿಟಿಲಿಗೋ' ಎಂದು ಬರೆಯುವರು. ತಂದೆಯು ಆ ಚೀಟಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಏನೂ ತಿಳಿಯದೆ ಮನೆಗೆ ಬರುವನು. ಅಜ್ಜಿಯು ಅದನ್ನು ತೊನ್ನು ಎನ್ನುವಳು. ಸಂಕೇಶ್ವರದ ಕಡೆಯಿಂದ ಬಂದ ನೆಂಟರು ಮರಾಠಿಯಲ್ಲಿ ಕೋಡ ಎನ್ನುವರು. ನಾಲ್ಕಕ್ಷರ ಕಲಿತ ನೆರೆಯವನು ಶ್ವೇತಕುಷ್ಠವೆಂದು ಗಂಭೀರವಾಗಿ ಹೇಳುವನು. ಆ ಮಾತು ಗೋಕಾಕದ ಸಂತೆಯನ್ನು ಮುಟ್ಟುವಷ್ಟರಲ್ಲಿ 'ಶ್ವೇತ' ಉದುರಿ 'ಕುಷ್ಠ' ಮಾತ್ರ ಉಳಿದಿರುವದು. ಕನ್ಯೆಯನ್ನು ನೋಡಲು ಮೂಡಲಗಿಯಿಂದ ಬರಬೇಕಾಗಿದ್ದವರು ಬರುವದಿಲ್ಲ. ಕಲೆಯು ಒಂದಂಗುಲವೂ ಹರಡಿಲ್ಲ. ಹೆಸರು ಮೂರು ತಾಲೂಕುಗಳಲ್ಲಿ ಹರಡಿಬಿಟ್ಟಿತು.

ಈ ಭ್ರಮೆಯ ಬೇರು ಹಳೆಯದು. ಚರಕನು ಕುಷ್ಠಗಳನ್ನು ಹದಿನೆಂಟೆಂದು ಎಣಿಸಿರುವನು. ಏಳು ಮಹಾಕುಷ್ಠಗಳು, ಹನ್ನೊಂದು ಕ್ಷುದ್ರಕುಷ್ಠಗಳು. ಕನ್ನಡದಲ್ಲಿ ತದ್ದೆಂದು ಕರೆಯುವ ದದ್ರುವೂ, ತುರಿಕೆಯ ಪಾಮೆಯೂ, ಅಂಗಾಲು ಒಡೆಯುವ ವಿಪಾದಿಕೆಯೂ ಆ ಹನ್ನೊಂದರಲ್ಲಿ ಸೇರಿವೆ. ಅಂದರೆ ಅಂದಿನ 'ಕುಷ್ಠ' ಶಬ್ದವು ಇಂದಿನ 'ಚರ್ಮರೋಗ'ದಷ್ಟು ಅಗಲವಾದುದು. ಬಿಳಿಯ ಕಲೆಯ ಕಿಲಾಸವನ್ನು ಸುಶ್ರುತನು ಇದೇ ಗುಂಪಿನಲ್ಲಿಟ್ಟರೂ, ಅದು ತ್ವಚೆಯಲ್ಲಿಯೇ ನಿಲ್ಲುವದು, ಸ್ರವಿಸುವದಿಲ್ಲ ಎಂದು ಭೇದವನ್ನು ಹೇಳಿರುವನು. ಅಮರಕೋಶದ ಮನುಷ್ಯವರ್ಗದಲ್ಲಿಯಾದರೋ ಕುಷ್ಠ, ಶ್ವಿತ್ರಗಳೆರಡೂ ಒಂದೇ ಜೋಡಿಯಾಗಿ ಬಂದಿವೆ. ಕಾಲ ಕಳೆದಂತೆ ಶಬ್ದವು ಒಂದೇ ಭಯಂಕರ ರೋಗಕ್ಕೆ ಮೀಸಲಾಯಿತು. ಜೋಡಿಯ ನೆನಪು ಮಾತ್ರ ಜನರ ನಾಲಗೆಯಲ್ಲಿ ಉಳಿಯಿತು. ಅದೇ ಸಂಸ್ಕೃತ ಶಬ್ದವು ಮರಾಠಿಯಲ್ಲಿ 'ಕೋಡ'ವಾಗಿ ಬಿಳಿಯ ಕಲೆಯನ್ನೂ, ಹಿಂದಿಯಲ್ಲಿ 'ಕೋಢ'ವಾಗಿ ಮಹಾರೋಗವನ್ನೂ ಹೇಳುತ್ತದೆ. ಎರಡು ಮೂರು ಭಾಷೆಗಳು ಕೂಡಿ ಹರಿಯುವ ಗಡಿನಾಡಿನಲ್ಲಿ ಒಬ್ಬನ ಬಾಯಿಯ ಕಲೆಯು ಮತ್ತೊಬ್ಬನ ಕಿವಿಯಲ್ಲಿ ಮಹಾರೋಗವಾಗುವದು ಆಶ್ಚರ್ಯವಲ್ಲ.

ಹಾಗಾದರೆ ನಾಡಿನ ಹೆಸರುಗಳನ್ನು ಬಿಟ್ಟು ವೈದ್ಯರ ಹೆಸರುಗಳನ್ನೇ ಆಡುವದು ಲೇಸಲ್ಲವೇ ಎಂದು ಕೇಳಬಹುದು. ಆದರೆ ಅವುಗಳಲ್ಲಿಯೂ ಗೂಢಜ್ಞಾನವೇನೂ ಅಡಗಿಲ್ಲ. ಎಕ್ಝಿಮಾ ಎಂದರೆ ಗ್ರೀಕರ ಮಾತಿನಲ್ಲಿ ಕುದಿದುಕ್ಕುವದು. ಹರ್ಪಿಸ್ ಎಂದರೆ ಹರಿದಾಡುವದು, ಝೋಸ್ಟರ್ ಎಂದರೆ ನಡುಕಟ್ಟು. ಕನ್ನಡದ ಅಜ್ಜಿಯು ಸರ್ಪಸುತ್ತು ಎಂದುದೂ ಅದೇ ನೋಟವನ್ನು. ಭೇದವು ಹೆಸರಿನಲ್ಲಿಲ್ಲ, ಹೆಸರಿನ ಹಿಂದಿನ ತಿಳಿವಳಿಕೆಯಲ್ಲಿದೆ. ಸರ್ಪದ ಹೆಡೆಯೂ ಬಾಲವೂ ಕೂಡಿದರೆ ರೋಗಿಯು ಉಳಿಯನೆಂದು ಜನರು ಅಂಜುವರು. ಹಿಂದೆಂದೋ ಸೀತಾಳಸಿಡುಬನ್ನು ತಂದ ವಿಷಾಣುವು ನರದ ಬುಡದಲ್ಲಿ ಅಡಗಿದ್ದು, ಮುಂದೆ ಎಚ್ಚತ್ತು ಆ ನರದ ಜಾಡಿನಲ್ಲಿಯೇ ಗುಳ್ಳೆಗಳನ್ನು ಎಬ್ಬಿಸುವದೆಂದು ತಿಳಿದವನು ಅಂಜುವದಿಲ್ಲ. ಆ ಜಾಡು ಸಾಮಾನ್ಯವಾಗಿ ಮೈಯ ಒಂದೇ ಮಗ್ಗುಲಲ್ಲಿ ನಿಲ್ಲುವದು. ಅವನು ಮಂತ್ರ ಹಾಕಿಸುವದನ್ನು ಬಿಟ್ಟು ಬೇಗನೆ ಔಷಧಕ್ಕೆ ಹೋಗುವನು.

ಆದುದರಿಂದ ತಿಳಿಗನ್ನಡದಲ್ಲಿ ಹೇಳುವದೆಂದರೆ ಶಬ್ದಕ್ಕೆ ಶಬ್ದವನ್ನು ಕೊಡುವದಲ್ಲ. ಮೂರು ಪ್ರಶ್ನೆಗಳಿಗೆ ಉತ್ತರವನ್ನು ಕೊಡುವದು. ಇದು ಅಂಟುವದೇ? ಗುಣವಾಗುವದೇ? ಇದರಲ್ಲಿ ರೋಗಿಯ ತಪ್ಪೇನಾದರೂ ಇದೆಯೇ? ವಿಟಿಲಿಗೋ ಎಂದರೆ ಚರ್ಮಕ್ಕೆ ಬಣ್ಣವನ್ನು ಕೊಡುವ ಕಣಗಳು ನಾಶವಾಗುವದು. ಶರೀರದ ರಕ್ಷಣಶಕ್ತಿಯೇ ತಪ್ಪಿ ತನ್ನವರ ಮೇಲೆ ಬೀಳುವದರಿಂದ ಹಾಗಾಗುವದು. ಅದು ಅಂಟುವದಿಲ್ಲ, ಜೀವಕ್ಕೆ ಅಪಾಯವಿಲ್ಲ, ಚಿಕಿತ್ಸೆಯಿಂದ ಅನೇಕರಿಗೆ ಬಣ್ಣವು ಮರಳುವದುಂಟು. ಹೊಟ್ಟೇಳುವ ಸೋರಿಯಾಸಿಸ್ ಸಹ ಅಂಟುವದಿಲ್ಲ. ಬಹುಕಾಲ ಇರುವದಾದರೂ ಹತೋಟಿಯಲ್ಲಿಡಬಹುದು. ತದ್ದು ಅಂಟುವದು, ಗುಣವೂ ಆಗುವದು. ಆದರೆ ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಬೆರೆತ ಮುಲಾಮಿನಿಂದ ತುರಿಕೆ ಅಡಗಿದಂತೆ ತೋರಿ ರೋಗವು ಹಬ್ಬುವದು. ಕಣ್ಣಿಗೆ ಕಾಣದಷ್ಟು ಸಣ್ಣ ಹುಳದಿಂದಾಗುವ ಕಜ್ಜಿಗೆ ಮನೆಮಂದಿಯೆಲ್ಲ ಒಂದೇ ಸಲ ಔಷಧವನ್ನು ಹಚ್ಚಿಕೊಳ್ಳಬೇಕು. ಇಷ್ಟು ತಿಳಿದರೆ ಹೆಸರು ಯಾವ ಭಾಷೆಯದಾದರೇನು?

ಇನ್ನು ನಿಜವಾಗಿಯೇ ಕುಷ್ಠವಿದ್ದಲ್ಲಿ ಏನು ಮಾಡತಕ್ಕದ್ದು? ಅಪ್ರಿಯವಾದ ಸತ್ಯವನ್ನು ಆಡಬಾರದೆಂಬ ಸ್ಮೃತಿಯ ಮಾತನ್ನು ಮುಂದೆ ಮಾಡಿ, ಅದನ್ನು ಚಿಬ್ಬೆಂದೋ ಮಚ್ಚೆಯೆಂದೋ ತೇಲಿಸಿ ಹೇಳುವವರುಂಟು. ಇದು ದಯೆಯಂತೆ ತೋರುವ ಕ್ರೌರ್ಯವು. ಕುಷ್ಠದ ಕಲೆಯು ಹಾಲಿನಂತೆ ಬೆಳ್ಳಗಿರುವದಿಲ್ಲ. ಮಾಸಲಾಗಿಯೋ ಕೆಂಪಾಗಿಯೋ ಇದ್ದು, ಅಲ್ಲಿ ಸ್ಪರ್ಶಜ್ಞಾನವು ಕುಂದಿರುವದು. ತುರಿಕೆಯಿಲ್ಲ, ನೋವಿಲ್ಲ, ಆದುದರಿಂದಲೇ ಅಲಕ್ಷ್ಯವಾಗುವದು. ನಾರ್ವೆಯ ಹ್ಯಾನ್ಸೆನ್ 1873ರಲ್ಲಿ ಕಂಡುಹಿಡಿದ ಒಂದು ಸೂಕ್ಷ್ಮ ಜೀವಿಯೇ ಅದರ ಕಾರಣವು. ಅದು ನರಗಳನ್ನು ಕೆಡಿಸುವದು. ಕೈಬೆರಳು ಮಡಚುವದೂ ಕಾಲಿನ ಹುಣ್ಣೂ ರೋಗದೊಡನೆ ಬಂದವಲ್ಲ, ತಡದೊಡನೆ ಬಂದವು. ಜಾಗತಿಕ ಆರೋಗ್ಯ ಸಂಸ್ಥೆಯು 1981ರಲ್ಲಿ ಸೂಚಿಸಿದ ಬಹುವಿಧ ಔಷಧಗಳ ಕ್ರಮದಿಂದ ಆರು ತಿಂಗಳಲ್ಲಿ ಇಲ್ಲವೆ ಒಂದು ವರ್ಷದಲ್ಲಿ ಅದು ಗುಣವಾಗುವದು. ಸರಕಾರಿ ದವಾಖಾನೆಗಳಲ್ಲಿ ಆ ಔಷಧಕ್ಕೆ ಹಣವಿಲ್ಲ. ಚಿಕಿತ್ಸೆಗೆ ತೊಡಗಿದವನಿಂದ ಬೇಗನೆ ಅಂಟುವ ಭಯವೂ ಹೋಗುವದು. ಹೀಗಿರುವಾಗ ಹೆಸರನ್ನು ಮುಚ್ಚಿಟ್ಟವನು ರೋಗಿಯ ಬೆರಳುಗಳನ್ನೇ ಕಸಿದುಕೊಂಡಂತಾಯಿತು.

ಇಲ್ಲಿಯೇ ಧರ್ಮಸೂಕ್ಷ್ಮವಿದೆ. ಬಿಳಿಯ ಕಲೆಯ ಕನ್ಯೆಯ ತಂದೆಯು ಮನೆಮನೆಗೆ ಹೋಗಿ 'ಇದು ಕುಷ್ಠವಲ್ಲ, ನಮ್ಮನ್ನು ದೂರ ಮಾಡಬೇಡಿರಿ' ಎಂದು ಹೇಳುವನು. ಮಾತು ಸತ್ಯವಾದುದು, ದುಃಖವೂ ನಿಜವಾದುದು. ಆದರೆ ಕುಷ್ಠವಾಗಿದ್ದರೆ ದೂರ ಮಾಡುವದು ನ್ಯಾಯವಾಗುತ್ತಿತ್ತು ಎಂಬ ಅರ್ಥವು ಆ ಮಾತಿನೊಳಗೆ ಅವನಿಗರಿಯದೆ ಸೇರಿಬಿಟ್ಟಿದೆ. ತನ್ನ ಮಗಳನ್ನು ಬಾವಿಯಿಂದ ಮೇಲೆತ್ತುವಾಗ ಅವನು ಇನ್ನೊಬ್ಬರ ಮಗಳ ತಲೆಯ ಮೇಲೆ ಕಾಲಿಟ್ಟಿರುವನು. ಹೆಸರನ್ನು ತಿದ್ದಿದರಷ್ಟೇ ಸಾಲದು, ಹೆಸರಿಗೆ ಅಂಟಿದ ಕಳಂಕವನ್ನೂ ತೊಳೆಯಬೇಕು. ಪ್ರಾಚೀನ ಗ್ರಂಥಗಳು ಕುಷ್ಠದ ಕಾರಣಗಳಲ್ಲಿ ಪಾಪಕರ್ಮವನ್ನೂ ಎಣಿಸಿದ್ದು ನಿಜವು. ಕ್ರಿಮಿಯು ಕಾಣದ ಕಾಲದಲ್ಲಿ ಅವರು ಹಾಗೆ ಊಹಿಸಿದರು. ಕ್ರಿಮಿಯು ಕಂಡ ಮೇಲೆಯೂ ರೋಗಿಯಲ್ಲಿ ಪಾಪವನ್ನು ಹುಡುಕುವವನಿಗೆ ಆ ಕ್ಷಮೆಯಿಲ್ಲ.

ಮನುಷ್ಯನ ನಾಲಗೆಗಿಂತ ರಾಜ್ಯದ ಶಾಸನವು ಈಗ ಮುಂದೆ ಹೋಗಿರುವದು ನಾಚಿಕೆಯ ವಿಷಯವು. ಕುಷ್ಠರೋಗಿಗಳನ್ನು ಬೇರ್ಪಡಿಸುವ 1898ರ ಕಾಯಿದೆಯು 2016ರಲ್ಲಿ ರದ್ದಾಯಿತು. ಕುಷ್ಠವು ವಿವಾಹವಿಚ್ಛೇದಕ್ಕೆ ಕಾರಣವೆಂಬ ಕಲಮನ್ನು 2019ರಲ್ಲಿ ತೆಗೆದುಹಾಕಲಾಯಿತು. ಆದರೂ ಜಗಳದಲ್ಲಿ ಒಬ್ಬನು ಮತ್ತೊಬ್ಬನನ್ನು 'ತೊನ್ನ' ಎಂದು ಬೈಯುವದು ನಿಂತಿಲ್ಲ. ಅಮರಸಿಂಹನು ಮೂಲವ್ಯಾಧಿಗೆ ದುರ್ನಾಮಕವೆಂಬ ಹೆಸರನ್ನೂ ಹೇಳಿರುವನು. ಕೆಟ್ಟ ಹೆಸರಿನದು ಎಂದರ್ಥ. ರೋಗಕ್ಕೆ ಕೆಟ್ಟ ಹೆಸರಿದ್ದರೆ ಇರಲಿ. ಅದು ರೋಗಿಗೆ ಬರಕೂಡದು.

ಇದು ವೈದ್ಯರೊಬ್ಬರ ಹೊಣೆಯಲ್ಲ. ಚೀಟಿಯನ್ನು ಹಿಡಿದು ಬಂದ ನೆರೆಯವನು ಓದಿ ಹೇಳೆಂದು ಕೇಳುವದು ಓದುಬರಹ ಬಲ್ಲ ಮನೆಗಳನ್ನೇ. ಆಗ ತಿಳಿದಷ್ಟನ್ನು ಸರಳವಾಗಿ ಹೇಳುವದು, ತಿಳಿಯದುದನ್ನು ಊಹಿಸದೆ ವೈದ್ಯರನ್ನು ಮತ್ತೊಮ್ಮೆ ಕೇಳಿ ಬಾ ಎಂದು ಧೈರ್ಯವನ್ನು ಕೊಡುವದು, ಕೇಳಿದುದನ್ನು ಹೊಸತಿಲಾಚೆ ಒಯ್ಯದಿರುವದು, ಇವು ಮೂರೂ ವಿದ್ಯೆಯ ಋಣವು. ಆ ಮೇಲೆ ಅವನಿಗೆ ಕೂಡ್ರಲು ಮಣೆಯನ್ನೂ ಕುಡಿಯಲು ನೀರನ್ನೂ ಎಂದಿನಂತೆ ಕೊಡುವದು. ಯಾವ ಭಾಷಾಂತರಕ್ಕಿಂತಲೂ ಅದರ ಅರ್ಥವು ಅವನಿಗೆ ಬೇಗ ತಿಳಿಯುವದು.