ಕಡಗೋಲಿನ ಕೈ

ಉಜಿಗೆ ಹೋಗಿದ್ದು ಚಹಾ ಮಾಡುವುದನ್ನು ಕಲಿಯಲು. ಅಲ್ಲಿ ಮೊದಲು ಕೈಗೆ ಸಿಕ್ಕಿದ್ದು ಬೀಸುಕಲ್ಲು.

ಕ್ಯೋಟೊದಿಂದ ದಕ್ಷಿಣಕ್ಕೆ ರೈಲಿನಲ್ಲಿ ಅರ್ಧ ಗಂಟೆ ಸಾಕು. ಒಂದು ನದಿ, ಅದಕ್ಕೊಂದು ಸೇತುವೆ, ಬೀದಿಯುದ್ದಕ್ಕೂ ಚಹಾ ಅಂಗಡಿಗಳು, ಹುರಿದ ಎಲೆಯ ಘಮ. ಅಂಥದೊಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ನಾವು ಆರು ಜನ ಚಾಪೆಯ ಮೇಲೆ ಕೂತೆವು. ಕಲಿಸುವವರು ಎಪ್ಪತ್ತು ದಾಟಿದ ಅಜ್ಜಿ. ಎಲ್ಲರೂ ಅವರನ್ನು ‘ಸೆನ್ಸೆಯಿ’ ಎನ್ನುತ್ತಿದ್ದರು, ನಾವು ಮೇಷ್ಟ್ರೇ ಎನ್ನುವ ಹಾಗೆ.

ಮುಂದೆ ಇಟ್ಟಿದ್ದು ‘ತೆಂಚಾ’ ಎಂಬ ಒಣ ಎಲೆಯ ಚೂರು. ಕೊಯ್ಲಿಗೆ ಸುಮಾರು ಮೂರು ವಾರ ಮುಂಚಿನಿಂದ ಗಿಡಗಳಿಗೆ ಚಪ್ಪರ ಹೊದಿಸಿ ಬಿಸಿಲು ತಡೆಯುತ್ತಾರಂತೆ. ನೆರಳಿನಲ್ಲಿ ಬೆಳೆದ ಎಲೆಯ ಹಸಿರು ಗಾಢವಾಗುತ್ತದೆ, ಒಗರು ತಗ್ಗುತ್ತದೆ. ಹಬೆಯಲ್ಲಿ ಬಾಡಿಸಿ, ಒಣಗಿಸಿ, ತೊಟ್ಟು ನಾರು ತೆಗೆದು ಬೀಸಿದರೆ ಮಚ್ಚಾ. ಹೌದು, ಬೆಂಗಳೂರಿನ ಹುಡುಗರು ಗೆಳೆಯನನ್ನು ಕೂಗುವಂತೆಯೇ ಅಲ್ಲೂ ಉಚ್ಚಾರ.

ಚಿಕ್ಕಂದಿನಲ್ಲಿ ಅಜ್ಜಿಯ ಎದುರು ಕೂತು ರಾಗಿ ಬೀಸಿದ ಜಂಬ ನನಗೆ. ಗೂಟ ಹಿಡಿದು ಗರಗರ ತಿರುಗಿಸಿದೆ. ಸೆನ್ಸೆಯಿ ನನ್ನ ಕೈಮೇಲೆ ಕೈಯಿಟ್ಟು ನಿಲ್ಲಿಸಿದರು. ಬಾಯಲ್ಲಿ ಒಂದು, ಎರಡು, ಮೂರು ಎಣಿಸಿ, ಅಷ್ಟು ಹೊತ್ತಿಗೆ ಒಂದೇ ಸುತ್ತು ಎಂದು ತೋರಿಸಿದರು. ಅವಸರಪಟ್ಟರೆ ಪುಡಿ ತರಿತರಿಯಾಗುತ್ತದೆ, ಕಲ್ಲು ಬಿಸಿಯೇರಿ ಘಮ ಹಾರಿಹೋಗುತ್ತದೆ. ಮೋಟಾರು ಕೂರಿಸಿದ ಕಲ್ಲಿನಲ್ಲೂ ಗಂಟೆಗೆ 40 ಗ್ರಾಂ ಬಂದರೆ ಹೆಚ್ಚು. ಜಪಾನೀಯರ ನಿಧಾನವೆಲ್ಲ ಧ್ಯಾನ ಎಂದು ಬರೆಯುವವರು ಈ ಕಲ್ಲನ್ನೊಮ್ಮೆ ಮುಟ್ಟಿ ನೋಡಬೇಕು. ಇಲ್ಲಿ ನಿಧಾನವೆಂದರೆ ಕಲ್ಲು ಕಾಯದಂತೆ ನೋಡಿಕೊಳ್ಳುವುದು, ಅಷ್ಟೆ.

ಆಮೇಲೆ ಬಟ್ಟಲು. ಬಿಸಿನೀರು ಸುತ್ತಾಡಿಸಿ ಚೆಲ್ಲಿ, ಒರೆಸಿ, ಜರಡಿ ಹಿಡಿದ ಪುಡಿಯನ್ನು ಬಿದಿರಿನ ಸಣ್ಣ ಸೌಟಿನಲ್ಲಿ ಎರಡು ಸಲ ಹಾಕಬೇಕು. ಹೆಚ್ಚೆಂದರೆ 2 ಗ್ರಾಂ. ಅದಕ್ಕೆ 70 ಮಿ.ಲೀ. ನೀರು. ಅದೂ ಕುದಿಯುವ ನೀರಲ್ಲ, 80 ಡಿಗ್ರಿಗೆ ಇಳಿದದ್ದು. ಕುದಿನೀರು ಹೊಯ್ದರೆ ಕಹಿ. ಕುದಿಸಿ, ಮತ್ತೆ ಕುದಿಸಿ, ಉಕ್ಕಿ ಬಂದಾಗ ಇಳಿಸುವ ನಮ್ಮ ಚಹಾದ ನೆನಪಾಗಿ ನಗು ಬಂತು. ಇಲ್ಲಿ ಸೋಸುವುದೂ ಇಲ್ಲ, ಚರಟವೂ ಇಲ್ಲ. ಎಲೆಯನ್ನು ಪೂರಾ ಕುಡಿಯುವುದು.

ಕಲಕಲು ‘ಚಾಸೆನ್’ ಕೊಟ್ಟರು. ಒಂದೇ ಬಿದಿರಿನ ತುಂಡನ್ನು ಸೀಳಿ ಸೀಳಿ ಕೂದಲಿನಂಥ ಎಳೆಗಳನ್ನು ತೆಗೆದಿರುತ್ತಾರೆ. ನಾರಾ ಪ್ರಾಂತ್ಯದ ತಕಯಾಮ ಇದಕ್ಕೆ ಹೆಸರಾದ ಊರು. ನನ್ನ ಕಣ್ಣಿಗೆ ಅದು ಕಡಗೋಲಿನ ಕಿರಿಯ ತಂಗಿ. ಕೈಗೂ ಹಾಗೇ ಅನಿಸಿರಬೇಕು, ಗುಂಡಗೆ ತಿರುಗಿಸತೊಡಗಿತು. ಎಷ್ಟು ತಿರುಗಿಸಿದರೂ ನೊರೆಯಿಲ್ಲ. ಪಾಚಿಗಟ್ಟಿದ ಕಲ್ಯಾಣಿಯಂತೆ ಹಸಿರು ನೀರು. ಸೆನ್ಸೆಯಿ ಗಾಳಿಯಲ್ಲಿ ಇಂಗ್ಲಿಷಿನ ‘ಎಮ್’ ಬರೆದು ತೋರಿಸಿದರು. ಹಿಂದಕ್ಕೆ ಮುಂದಕ್ಕೆ, ಬರೀ ಮಣಿಕಟ್ಟಿನಿಂದ. ತೋಳು ಅಲ್ಲಾಡಬಾರದು, ಬುಡಕ್ಕೆ ಒತ್ತಲೂಬಾರದು. ನಾಲ್ಕು ಸಲ ಸರಿಯಾಗಿ ಹೋದ ಕೈ ಐದನೆಯದಕ್ಕೆ ಮತ್ತೆ ಮೊಸರು ಕಡೆಯುತ್ತಿತ್ತು. ಕೊನೆಗೆ ಅರ್ಧ ಬಟ್ಟಲಿಗೆ ನೊರೆ ಬಂತು, ಇನ್ನರ್ಧ ಬೋಳು.

ಅವರು ಇಣುಕಿ ನೋಡಿ ನಕ್ಕರು. ಚಹಾದ ಗುರುವೆಂದು ಜಪಾನು ನೆನೆಯುವ ಸೆನ್ ನೊ ರಿಕ್ಯು ತೀರಿಕೊಂಡದ್ದು 1591ರಲ್ಲಿ. ಅವನ ವಂಶದ ಎರಡು ಮನೆತನಗಳಿಗೆ ನೊರೆಯ ವಿಷಯದಲ್ಲಿ ಇಂದಿಗೂ ಒಮ್ಮತವಿಲ್ಲ. ಉರಾಸೆಂಕೆಯವರಿಗೆ ಬಟ್ಟಲು ತುಂಬ ನೊರೆ ಬೇಕು, ಓಮೊತೆಸೆಂಕೆಯವರು ಒಂದಿಷ್ಟು ಜಾಗ ಖಾಲಿ ಬಿಡುತ್ತಾರೆ. ‘ನಿಮ್ಮದು ಓಮೊತೆಸೆಂಕೆ’ ಎಂದರು ಸೆನ್ಸೆಯಿ. ಅಂಥ ದಾಕ್ಷಿಣ್ಯದ ಮೇಷ್ಟ್ರು ನನಗೆ ಶಾಲೆಯಲ್ಲಿ ಸಿಕ್ಕಿರಲಿಲ್ಲ.

ಮೊದಲು ಸಿಹಿ ತಿಂದು ಮುಗಿಸಿ, ಬಟ್ಟಲಿನ ಚೆಂದದ ಮುಖಕ್ಕೆ ತುಟಿ ತಾಗದಂತೆ ತುಸು ತಿರುಗಿಸಿ ಕುಡಿದೆವು. ಕೊನೆಯ ಗುಟುಕನ್ನು ‘ಸೊರ್’ ಎಂದು ಹೀರಬೇಕಂತೆ. ಮನೆಯಲ್ಲಿ ಬೈಸಿಕೊಂಡ ಸದ್ದಿಗೆ ಅಲ್ಲಿ ಮರ್ಯಾದೆ.

ಒಂದು ಚಾಸೆನ್ ಊರಿಗೆ ತಂದೆ. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದ್ಯಾವ ಕಡಗೋಲೋ, ಹಲ್ಲು ಇಷ್ಟು ಸಣ್ಣ, ಬೆಣ್ಣೆ ಬರಲ್ಲ’ ಎಂದಳು. ಆಮೇಲೆ ಎರಡೂ ಅಂಗೈ ನಡುವೆ ಅದನ್ನಿಟ್ಟುಕೊಂಡು, ಬರೀ ಗಾಳಿಯಲ್ಲಿ ಒಮ್ಮೆ ಕಡೆದಳು.