ಉತ್ತರಿಸಲು ಬಿಡುವು ಕೊಟ್ಟ ಮೇಲೂ…

*ಇಂದಿನ ಚಿಂತನೆ*

1960ರಲ್ಲಿ ಮಾಸ್ಕೋದಲ್ಲಿ ನಡೆದ ವಿಶ್ವ ಚೆಸ್ ಚಾಂಪಿಯನ್‌ಷಿಪ್. ಆರನೆಯ ಆಟದಲ್ಲಿ ರೀಗಾದ ತರುಣ ಮಿಖಾಯಿಲ್ ತಾಲ್, ಚಾಂಪಿಯನ್ ಬೊಟ್ವಿನ್ನಿಕ್ ಎದುರು ಒಂದು ಕುದುರೆಯನ್ನೇ ಬಲಿಕೊಟ್ಟರು. ಪ್ರೇಕ್ಷಕರ ಗದ್ದಲ ಹೆಚ್ಚಿ ಆಟವನ್ನು ಒಳಕೋಣೆಗೆ ಸಾಗಿಸಬೇಕಾಯಿತು. ಗಡಿಯಾರ ಓಡುತ್ತಲೇ ಇತ್ತು. ತಾಲ್ ಗೆದ್ದರು. ಆಮೇಲೆ ಬಿಡುವಾಗಿ ಕೂತು ಪರಿಶೀಲಿಸಿದವರಿಗೆ, ಬೊಟ್ವಿನ್ನಿಕ್‌ಗೆ ಇನ್ನೂ ಒಳ್ಳೆಯ ಉತ್ತರಗಳಿದ್ದವು ಎಂಬುದು ಕಂಡಿತು.

ಅಂಚೆಯಲ್ಲಿ ಆಡುವ ಚೆಸ್ ಬೇರೆ. ಒಂದು ನಡೆಯನ್ನು ಕಾರ್ಡಿನಲ್ಲಿ ಬರೆದು ಕಳಿಸಿದರೆ, ಎದುರಾಳಿ ದಿನಗಟ್ಟಲೆ ಕಾಯಿ ಸರಿಸಿ ನೋಡಿ ಉತ್ತರ ಬರೆಯುತ್ತಾನೆ. ಅವನನ್ನು ಗಾಬರಿಪಡಿಸಿ ಗೆಲ್ಲುವುದು ಕಷ್ಟ. ಹಾಗೆಂದು ಅಲ್ಲಿ ದಾಳಿಯೇ ಇಲ್ಲವೆಂದಲ್ಲ. 1968ರಲ್ಲಿ ಮುಗಿದ ವಿಶ್ವ ಅಂಚೆ ಚೆಸ್ ಚಾಂಪಿಯನ್‌ಷಿಪ್‌ನಲ್ಲಿ ಹ್ಯಾನ್ಸ್ ಬರ್ಲಿನರ್, ಕಾಲಾಳು ಬಿಟ್ಟುಕೊಟ್ಟು ಎಸ್ಟ್ರಿನ್ ಮೇಲೆ ಏರಿಹೋಗಿ ಗೆದ್ದರು. ಎದುರಾಳಿಗೆ ಯೋಚಿಸಲು ಬೇಕಾದಷ್ಟು ಸಮಯವಿತ್ತು. ಆದರೂ ಆ ದಾಳಿ ನಿಂತಿತು.

ತಾಲ್ ಮಾಡಿದ್ದರಲ್ಲಿ ಅನ್ಯಾಯವಿಲ್ಲ. ಗಡಿಯಾರಕ್ಕೆ ಇಬ್ಬರೂ ಒಪ್ಪಿಯೇ ಕೂತಿದ್ದರು. ಮರುವರ್ಷವೇ ಬೊಟ್ವಿನ್ನಿಕ್ ಸಿದ್ಧರಾಗಿ ಬಂದು ಪಟ್ಟವನ್ನು ಮರಳಿ ಪಡೆದರು.

ಆದರೆ ಮನೆಯಲ್ಲಿ, ತರಗತಿಯಲ್ಲಿ, ಕಚೇರಿಯಲ್ಲಿ ನಾವು ಮಾತಿನಿಂದ ಏರಿಹೋಗುವಾಗ ಎದುರಿಗಿರುವವರು ಯಾವ ಗಡಿಯಾರಕ್ಕೂ ಒಪ್ಪಿರುವುದಿಲ್ಲ. ಮೇಜಿನ ಮುಂದೆ ನಿಲ್ಲಿಸಿದ ಮಗುವಿಗೆ ಥಟ್ಟನೆ ಮಾತು ಹೊರಡುವುದಿಲ್ಲ. ಅದು ತಲೆ ತಗ್ಗಿಸಿದ್ದನ್ನೇ ತಪ್ಪೊಪ್ಪಿಗೆ ಎಂದು ತಿಳಿಯುತ್ತೇವೆ. ಸರಿಯಾದ ಉತ್ತರ ಅದಕ್ಕೆ ಹೊಳೆಯುವುದು ರಾತ್ರಿ ಹಾಸಿಗೆಯಲ್ಲಿ. ಆಗ ಕೇಳಲು ನಾವಿರುವುದಿಲ್ಲ. ಹೇಳಲಾಗದೆ ಉಳಿದ ಆ ಉತ್ತರ ಒಳಗೇ ಕಹಿಯಾಗುತ್ತದೆ. ಆಟ ಗೆದ್ದೆವು, ಮಗುವನ್ನು ಕಳೆದುಕೊಂಡೆವು.

ಭಗವಾನರು ಬಾಲಕ ರಾಹುಲನಿಗೆ ಕನ್ನಡಿಯ ಉಪಮೆ ಹೇಳಿ ಬೋಧಿಸಿದ್ದು ಇದನ್ನೇ: ಕಾಯಾ, ವಾಚಾ, ಮನಸಾ ಯಾವುದೇ ಕರ್ಮವನ್ನು ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ಅದರಿಂದ ತನಗಾಗಲಿ ಇತರರಿಗಾಗಲಿ ನೋವಾದೀತೇ ಎಂದು ನೋಡಿಕೊಳ್ಳಬೇಕು. ಇದು ಸುಮ್ಮನಿರುವ ಉಪದೇಶವಲ್ಲ. ಕೆಲವೊಮ್ಮೆ ಕಟುಸತ್ಯವನ್ನು ಹೇಳಲೇಬೇಕಾಗುತ್ತದೆ.

*ಇಂದಿನ ಅಭ್ಯಾಸ:* ಕಠಿಣವಾದ ಮಾತೊಂದು ನಾಲಿಗೆಗೆ ಬಂದಾಗ ಕೇಳಿಕೊಳ್ಳೋಣ: ಎದುರಿನವರಿಗೆ ಉತ್ತರಿಸಲು ಮೂರು ದಿನ ಬಿಡುವು ಕೊಟ್ಟರೂ ಈ ಮಾತು ನಿಲ್ಲುತ್ತದೆಯೇ? ನಿಲ್ಲುವುದಾದರೆ ಹಿಂಜರಿಯದೆ ಹೇಳೋಣ, ಆ ಬಿಡುವನ್ನೂ ಕೊಡೋಣ. ನಿಲ್ಲದಿದ್ದರೆ, ಆ ಮಾತಿನ ಬಲವೆಲ್ಲ ಅವರ ಗಾಬರಿಯಲ್ಲಷ್ಟೇ ಇದೆ.

ಎಲ್ಲರಿಗೂ ಮಂಗಳವಾಗಲಿ 🙏